ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜ್ ತರ ಆಗೋಯ್ತು, 2002ರ ಸಿಟಿ ವಿಟೆಕ್, ಏನ್ ಮಾಡ್ಸೋದು ಹೇಳಿ

ಮೂಡಿಗೆರೆ_ವಿಟೆಕ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ ಹೇಳಿ ಪ್ಲೀಸ್, ಹೋದ ಭಾನುವಾರದಿಂದ ನಂಗೆ ಸರಿಯಾಗಿ ನಿದ್ದೆನೇ ಬಂದಿಲ್ಲ.

ನನ್ನತ್ರ 2002ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೈಸ್ಕೂಲಲ್ಲಿದ್ದಾಗ ನಮ್ಮೂರಲ್ಲಿ ಎಸ್ಟೇಟಿನವರೊಬ್ರ ಹತ್ರ ಈ ಗಾಡಿ ಇತ್ತು, ಏರಲ್ಲಿ ಎರಡನೇ ಗೇರಲ್ಲಿ ಎಳ್ಕೊಂಡು ಹೋಗುವಾಗ ಆ ಇಂಜಿನ್ ಸದ್ದು ಬದಲಾಗೋದು ಕೇಳೋಕೆ ಅಂತಲೇ ಗೇಟ್ ಹತ್ರ ನಿಂತಿರ್ತಿದ್ದೆ. ಹಾಗಾಗಿ ತಗೊಂಡ ಮೇಲೆ ಇಂಜಿನ್‌ಗೆ ಏನೇನು ಬೇಕೋ ಎಲ್ಲಾ ಮಾಡ್ಸಿದೆ, ಟೈಮಿಂಗ್ ಬೆಲ್ಟು, ರೇಡಿಯೇಟರ್, ಮೌಂಟಿಂಗು, ಸಸ್ಪೆನ್ಷನ್ ಬುಶ್ಶು. ಬ್ರೇಕಿಗೆ ಮಾತ್ರ ಮುಂದಿನ ಪ್ಯಾಡ್ ಒಂದ್ಸಲ ಬದಲಾಯಿಸಿದ್ದು ಬಿಟ್ರೆ ಏನೂ ಮಾಡಿಲ್ಲ, ಊರೊಳಗೆ ಚೆನ್ನಾಗೇ ಹಿಡೀತಿತ್ತಲ್ಲ ಅಂತ.

ಭಾನುವಾರ ಅಮ್ಮ, ಹೆಂಡತಿ, ಇಬ್ರು ಮಕ್ಕಳನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೊರಟೆ, ಡಿಕ್ಕಿ ತುಂಬ ಲಗೇಜು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಘಾಟ್ ಇಳಿಯೋಕೆ ಶುರು ಮಾಡಿದ್ವಿ. ಮಂಜು ಇರಲಿಲ್ಲ, ರಸ್ತೆ ಒಣಗಿತ್ತು. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಲ್ಸಿ ಕೈಮುಗಿದು ಮತ್ತೆ ಹೊರಟಾಗಲೂ ಎಲ್ಲ ಸರಿಯಿತ್ತು. ಆಮೇಲೆ ಮುಂದೆ ಒಂದು ಸರ್ಕಾರಿ ಬಸ್ಸು ಸಿಕ್ತು, ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ, ಅದರ ಹಿಂದೇನೇ ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಹತ್ತು ಹದಿನೈದು ನಿಮಿಷ ಇರ್ಬೇಕು. ಮೊದಲು ಹೆಂಡತಿ "ಏನೋ ಸುಟ್ಟ ವಾಸನೆ ಬರ್ತಿದೆ" ಅಂದ್ಲು, ನಾನು ಬಸ್ಸಿಂದ ಅಂದ್ಕೊಂಡೆ. ಆಮೇಲೆ ಒಂದು ಹೇರ್‌ಪಿನ್ ಹತ್ರ ಬಂದು ತುಳಿದ್ರೆ ಪೆಡಲ್ ಯಾವತ್ತೂ ಹೋಗದಷ್ಟು ಕೆಳಗೆ ಹೋಯ್ತು, ಮೆತ್ತಗೆ, ಒದ್ದೆ ಸ್ಪಂಜ್ ತುಳಿದ ಹಾಗೆ, ಗಾಡಿ ನಿಧಾನ ಆಗ್ತಾನೇ ಇಲ್ಲ. ಎರಡು ಮೂರು ಸಲ ಪಟಪಟ ತುಳಿದ ಮೇಲೆ ಸ್ವಲ್ಪ ಹಿಡೀತು, ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಬಸ್ಸಿಂದ ಒಂದು ಮಾರು ದೂರದಲ್ಲಿ ನಿಲ್ತು. ಅಮ್ಮ ಹಿಂದಿನ ಸೀಟಲ್ಲಿ ಮಕ್ಕಳನ್ನ ತಬ್ಕೊಂಡು ಕೂತಿದ್ರು.

ಬದಿಗೆ ಹಾಕಿ ಅರ್ಧ ಗಂಟೆ ನಿಂತ್ವಿ. ಆಮೇಲೆ ತುಳಿದು ನೋಡಿದ್ರೆ ಪೆಡಲ್ ಮೊದಲಿನ ಹಾಗೇ ಗಟ್ಟಿ, ಏನೂ ಆಗೇ ಇಲ್ವೇನೋ ಅನ್ನೋ ತರ. ಎಣ್ಣೆ ಎಲ್ಲೂ ಸೋರಿಲ್ಲ. ಇಲ್ಲಿ ಒಂದು ಗ್ಯಾರೇಜಲ್ಲಿ ತೋರಿಸಿದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ) ಹೋಗಿದೆ ಅಂದ್ರು, ಇನ್ನೊಬ್ರು ಹಿಂದೆ ಡ್ರಮ್ ತೆಗೆದು ಡಿಸ್ಕ್ ಹಾಕ್ಸಿ ಅಂದ್ರು, ಮತ್ತೊಬ್ರು ಹಳೇ ಗಾಡಿ, ಮಾರಿಬಿಡಿ ಅಂದ್ರು. ಮಾರಲ್ಲ. ಆದ್ರೆ ಸರಿಯಾಗಿ ಏನಾಯ್ತು ಅಂತ ಗೊತ್ತಾಗದೆ ಇನ್ನೊಂದ್ಸಲ ಮನೆಯವರನ್ನ ಕೂರಿಸ್ಕೊಂಡು ಘಾಟ್ ಇಳಿಯೋ ಧೈರ್ಯನೂ ಇಲ್ಲ. ಏನ್ ಚೆಕ್ ಮಾಡ್ಬೇಕು, ಯಾವುದರಿಂದ ಶುರು ಮಾಡ್ಬೇಕು?

ಹಾಸನ್_ಗ್ಯಾರೇಜ್

ಮೊದಲು ಒಂದು ಮಾತು, ನೀವು ಗೇರ್ ಇಳಿಸಿ ಹ್ಯಾಂಡ್ ಬ್ರೇಕ್ ಎಳೆದಿದ್ದು ಸರಿಯಾಗೇ ಮಾಡಿದ್ದೀರಿ. ಎಲ್ರೂ ಆ ಟೈಮಲ್ಲಿ ಪೆಡಲನ್ನೇ ತುಳೀತಾ ಕೂತಿರ್ತಾರೆ.

ಈಗ ವಿಷಯ. ಬ್ರೇಕ್ ಕಾದು ಹಿಡಿಯದೇ ಹೋದ್ರೆ ಬ್ರೇಕ್ ಫೇಡ್ ಅಂತ ಎಲ್ಲದಕ್ಕೂ ಒಂದೇ ಹೆಸರು ಹೇಳ್ತಾರೆ, ಆದ್ರೆ ಒಳಗೆ ನಡೆಯೋದು ಬೇರೆ ಬೇರೆ, ಯಾವುದು ಅಂತ ನಿಮ್ಮ ಕಾಲೇ ಹೇಳುತ್ತೆ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದ್ರೂ ಗಾಡಿ ನಿಲ್ತಿಲ್ಲ ಅಂದ್ರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ತಿದೆ ಅಂದ್ರೆ ಬ್ರೇಕ್ ಆಯಿಲ್ ಕುದ್ದಿದೆ ಅಂತ. ಆಯಿಲ್ ದ್ರವವಾಗಿದ್ದಾಗ ಒತ್ತಿದ್ರೆ ಕುಗ್ಗಲ್ಲ, ಅದಕ್ಕೇ ನಿಮ್ಮ ಕಾಲಿನ ಒತ್ತಡ ಹಾಗೇ ಡಿಸ್ಕಿಗೆ ಪ್ಯಾಡ್ ಒತ್ತೋ ಕ್ಯಾಲಿಪರ್‌ಗೆ ಹೋಗುತ್ತೆ. ಕುದ್ದು ಒಳಗೆ ಆವಿಯ ಗುಳ್ಳೆ ಆದ್ರೆ ನೀವು ತುಳಿಯೋದೆಲ್ಲ ಆ ಗುಳ್ಳೆ ಕುಗ್ಸೋಕೇ ಖರ್ಚಾಗುತ್ತೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಗುಳ್ಳೆ ಮತ್ತೆ ದ್ರವ ಆಗಿರುತ್ತೆ, ಪೆಡಲ್ ಗಟ್ಟಿ. ನೀವು ಬರೆದಿರೋದು ಅಕ್ಷರಶಃ ಇದೇ. ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದ್ರೆ ತಣ್ಣಗಿದ್ದಾಗಲೂ ಪೆಡಲ್ ಮೇಲೆ ಒಂದೇ ಸಮ ಒತ್ತಿ ಹಿಡಿದ್ರೆ ನಿಧಾನಕ್ಕೆ ಕೆಳಗೆ ಇಳೀತಾ ಹೋಗುತ್ತೆ, ಇಂಜಿನ್ ಆನ್ ಮಾಡಿ ಒಂದು ನಿಮಿಷ ಒತ್ತಿ ನೋಡಿ. ಇಳಿಯದಿದ್ರೆ ಸದ್ಯಕ್ಕೆ ಅದಕ್ಕೆ ದುಡ್ಡು ಹಾಕ್ಬೇಡಿ.

ಆಯಿಲ್ ಯಾಕೆ ಕುದಿಯುತ್ತೆ ಅಂದ್ರೆ, ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ರಬ್ಬರ್ ಹೋಸ್ ಮೂಲಕ, ಡಬ್ಬಿ ಮುಚ್ಚಳದ ಮೂಲಕ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳ್ಬೇಕಾ. ಡಬ್ಬಿ ಮೇಲೆ ಡಾಟ್ ಅಂತ ಆಯಿಲಿನ ದರ್ಜೆ ಬರೆದಿರುತ್ತೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದೀಬಾರದು, ಶೇಕಡಾ ಮೂರೂವರೆ ನಾಲ್ಕರಷ್ಟು ನೀರು ಸೇರಿದ್ರೆ ಅದು 140ಕ್ಕೆ ಇಳಿಯುತ್ತೆ. ಡಾಟ್ 4 ಹೊಸದು 230, ನೀರು ಸೇರಿದ್ದು 155. ಡಾಟ್ 5.1 ಆದ್ರೆ 260 ಮತ್ತೆ 180. ಘಾಟಲ್ಲಿ ಹತ್ತು ನಿಮಿಷ ಬ್ರೇಕ್ ಹಿಡ್ಕೊಂಡು ಬಂದ್ರೆ ಡಿಸ್ಕ್ ಇದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತೆ, ಆ ಶಾಖ ಪ್ಯಾಡ್, ಪಿಸ್ಟನ್ ದಾಟಿ ಆಯಿಲ್‌ಗೆ ಬಂದೇ ಬರುತ್ತೆ. ನೀವು ಮೂರು ವರ್ಷದಿಂದ ಬದಲಾಯಿಸಿಲ್ಲ, ಅದಕ್ಕೆ ಮುಂಚೆ ಯಾರು ಯಾವಾಗ ಬದಲಾಯಿಸಿದ್ರೋ ದೇವ್ರಿಗೇ ಗೊತ್ತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಗಾಡಿ ಶೆಡ್ಡಲ್ಲೇ ನಿಂತಿದ್ರೂ ಸರಿ.

ಡಾಟ್ 5 ಅಂತ ಬರೀ ಐದು ಬರೆದಿರೋದು ತಗೋಬೇಡಿ, ಅದು ಸಿಲಿಕಾನ್, ನಿಮ್ಮ ಗಾಡೀಲಿರೋದರ ಜೊತೆ ಬೆರೆಸೋ ಹಾಗಿಲ್ಲ. 5.1 ಬೇರೆ, ಅದು ಪರವಾಗಿಲ್ಲ. ಸೀಲ್ ಇರೋ ಹೊಸ ಡಬ್ಬಿನೇ ತಗೊಳ್ಳಿ, ಗ್ಯಾರೇಜ್ ಶೆಲ್ಫಲ್ಲಿ ಅರ್ಧ ಖಾಲಿಯಾಗಿ ಕೂತಿರೋದನ್ನ ಹಾಕ್ಸ್ಕೋಬೇಡಿ, ಅದು ಆಗಲೇ ನೀರು ಕುಡಿದಿರುತ್ತೆ.

ಇನ್ನೊಂದು ಮುಖ್ಯ, ಇದನ್ನ ನಿಮ್ಮ ಮೆಕ್ಯಾನಿಕ್‌ಗೆ ನಿಂತು ಹೇಳಿ. ಹೊಸ ಆಯಿಲ್ ಹಾಕಿ ಪೈಪಿನಿಂದ ಏರ್ ತೆಗೆಯುವಾಗ ಪೆಡಲನ್ನ ಪೂರ್ತಿ ನೆಲದವರೆಗೂ ತುಳಿಸ್ಬೇಡಿ. ಇಪ್ಪತ್ತು ವರ್ಷದ ಮಾಸ್ಟರ್ ಸಿಲಿಂಡರ್ ಒಳಗೆ ಸೀಲ್ ದಿನಾ ಓಡಾಡೋ ಜಾಗ ನುಣುಪಾಗಿರುತ್ತೆ, ಅದರಾಚೆ ತುಕ್ಕು, ಕೊಳೆ ಕೂತಿರುತ್ತೆ. ಪೂರ್ತಿ ತುಳಿದ್ರೆ ಸೀಲ್ ಆ ಒರಟು ಜಾಗಕ್ಕೆ ಹೋಗಿ ಹರಿಯುತ್ತೆ, ಚೆನ್ನಾಗಿದ್ದ ಸಿಲಿಂಡರ್ ಅವತ್ತೇ ಹಾಳು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟು ಮಾಡ್ಸಿ.

ಅದೇ ಕೈಯಲ್ಲಿ ಮುಂದಿನ ಕ್ಯಾಲಿಪರ್ ಪಿನ್ ಎರಡೂ ಕಡೆ ಬೆರಳಲ್ಲಿ ತಳ್ಳಿದ್ರೆ ಓಡಾಡುತ್ತಾ ನೋಡಿ. ಒಳಗಿನ ಪ್ಯಾಡು ಹೊರಗಿನದಕ್ಕಿಂತ ಜಾಸ್ತಿ ಸವೆದಿದ್ರೆ ಪಿನ್ ಜಾಮ್ ಅಂತ ಅರ್ಥ. ಜಾಮ್ ಆದ ಕಡೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ತಾಗ್ತಾನೇ ಇರುತ್ತೆ, ಡಿಸ್ಕ್ ತಣ್ಣಗಾಗೋಕೆ ಬಿಡಲ್ಲ. ಗ್ರೀಸ್ ಹಾಕುವಾಗ ಬೇರಿಂಗ್‌ಗೆ ಹಾಕೋ ಮಾಮೂಲಿ ಗ್ರೀಸ್ ಹಾಕಿದ್ರೆ ರಬ್ಬರ್ ಊದಿಕೊಳ್ಳುತ್ತೆ, ಸಿಲಿಕಾನ್ ಗ್ರೀಸೇ ಬೇಕು.

ಮೂಡಿಗೆರೆ_ವಿಟೆಕ್

ಅಣ್ಣಾ ತುಂಬಾ ಥ್ಯಾಂಕ್ಸ್. ಈಗಷ್ಟೇ ಹೋಗಿ ಒಂದು ನಿಮಿಷ ಒತ್ತಿ ಹಿಡಿದು ನೋಡಿದೆ, ಪೆಡಲ್ ಒಂಚೂರೂ ಇಳೀಲಿಲ್ಲ. ಡಬ್ಬಿಯಲ್ಲಿ ಆಯಿಲ್ ಬಣ್ಣ ನೋಡಿದ್ರೆ ಕಾಫಿ ಡಿಕಾಕ್ಷನ್ ತರ ಇದೆ. ಹೊಸದು ತಿಳಿ ಹಳದಿ ಇರುತ್ತೆ ಅಲ್ವಾ? ಹಿಂದೆ ಡಿಸ್ಕ್ ಹಾಕ್ಸೋದರ ಬಗ್ಗೆ ಯಾರಾದ್ರೂ ಹೇಳಿ.

ಕುಡ್ಲದ_ಪಯಣಿಗ

ನಾನು ಮಂಗ್ಳೂರಿನವ, ಕೆಲಸದ ಮೇಲೆ ತಿಂಗಳಲ್ಲಿ ನಾಲ್ಕೈದು ಸಲ ಚಾರ್ಮಾಡಿ ಇಲ್ಲ ಶಿರಾಡಿ ಹತ್ತಿ ಇಳಿಯುವವ. ಗಾಡಿ ರಿಪೇರಿ ವಿಷಯ ಅಣ್ಣ ಹೇಳಿದ್ದಾರೆ, ಅದು ಸರಿಯೇ, ಆದ್ರೆ ಮಾರಾಯ್ರೆ ನೀವು ಮೂರನೇ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಇಳಿದದ್ದು ದೊಡ್ಡ ತಪ್ಪು. ಹೊಸ ಆಯಿಲ್ ಹಾಕಿದ್ರೂ ಹಾಗೆ ಇಳಿದ್ರೆ ಮತ್ತೆ ಅದೇ ಕಥೆ.

ಒಂದು ಲೆಕ್ಕ ನೋಡಿ. ನಿಮ್ಮ ಗಾಡಿ, ಐದು ಜನ, ಲಗೇಜು ಎಲ್ಲ ಸೇರಿ 1,300 ಕೆಜಿ ಅಂತ ಇಟ್ಕೊಳ್ಳುವ. ಅದು 500 ಮೀಟರ್ ಎತ್ತರ ಇಳಿದ್ರೆ ಸುಮಾರು 64 ಲಕ್ಷ ಜೌಲ್ ಶಕ್ತಿ ಎಲ್ಲಿಯಾದ್ರೂ ಹೋಗ್ಬೇಕು. ಅದೇ ಗಾಡಿಯನ್ನ 100 ಕಿಮೀ ಸ್ಪೀಡಿಂದ ಪೂರ್ತಿ ನಿಲ್ಸಿದ್ರೆ 5 ಲಕ್ಷ ಜೌಲ್ ಅಷ್ಟೆ. ಅಂದ್ರೆ ಆ ಇಳಿತ ಪೂರ್ತಿ ಬ್ರೇಕಲ್ಲೇ ಇಳಿದ್ರೆ ನೂರರ ಸ್ಪೀಡಿಂದ ಹನ್ನೆರಡು ಹದಿಮೂರು ಸಲ ಸರ್ರನೆ ನಿಲ್ಸಿದ ಹಾಗೆ. ಇನ್ನೊಂದು ತರ ಹೇಳ್ಬೇಕಂದ್ರೆ ಎರಡೂವರೆ ಲೀಟರ್ ನೀರು ಕುದ್ದು ಪೂರಾ ಆವಿ ಆಗುವಷ್ಟು ಶಾಖ. ಮುಂದಿನ ಎರಡು ಸಣ್ಣ ಡಿಸ್ಕು ಅದರಲ್ಲಿ ಮುಕ್ಕಾಲು ಪಾಲು ನುಂಗ್ಬೇಕು. ಪಾಪ ಅವು ಎಲ್ಲಿಗೆ ಹೋಗ್ಲಿಕ್ಕೆ ಉಂಟು?

ಹಾಗಾಗಿ ಶಾಖ ಬ್ರೇಕಿಗೆ ಹೋಗದ ಹಾಗೆ ಇಂಜಿನ್‌ಗೆ ಕೊಡ್ಬೇಕು. ಏರು ಹತ್ತುವಾಗ ಯಾವ ಗೇರ್ ಬೇಕಾಗ್ತದೋ ಇಳಿಯುವಾಗಲೂ ಅದೇ ಗೇರ್, ನಮ್ಮ ಅಪ್ಪ ಲಾರಿ ಓಡಿಸುವಾಗ ಹೇಳ್ತಿದ್ದದ್ದು. ಚಾರ್ಮಾಡಿಯ ತಿರುವಿನಲ್ಲಿ ಎರಡನೇ ಗೇರ್, ಟ್ಯಾಕೋಮೀಟರ್ 3,000 ದಾಟಿ ಇಂಜಿನ್ ಕೂಗ್ತದೆ, ಕೂಗ್ಲಿ ಬಿಡಿ, ಅದಕ್ಕೇನೂ ಆಗುದಿಲ್ಲ. ನಿಮ್ಮದು ಇಂಜೆಕ್ಷನ್ ಇಂಜಿನ್, ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲೇ ಕಟ್ ಆಗ್ತದೆ, ನ್ಯೂಟ್ರಲ್ಲಿ ಇಳಿದ್ರೆ ಉಳೀತದೆ ಅನ್ನುವ ಮಾತು ಸುಳ್ಳು. ಇಂಜಿನ್ ಆಫ್ ಮಾಡಿ ಇಳಿಯುವವರನ್ನೂ ನೋಡಿದ್ದೇನೆ. ಆಫ್ ಆದ್ರೆ ಕಾಲಿಗೆ ಬಲ ಕೊಡುವ ಬೂಸ್ಟರ್‌ನ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಇರ್ತದೆ, ಆಮೇಲೆ ಪೆಡಲ್ ಕಲ್ಲು.

ಬ್ರೇಕ್ ಹಾಕುವಾಗ ಸುಮ್ಮನೆ ಸವರಿಕೊಂಡು ಬರ್ಬೇಡಿ. ಸ್ಪೀಡ್ ಏರಿದಾಗ ಗಟ್ಟಿಯಾಗಿ ಒತ್ತಿ 40ರಿಂದ 25ಕ್ಕೆ ಇಳಿಸಿ, ಪೂರ್ತಿ ಕಾಲು ತೆಗೀರಿ. ಕಾಲು ತೆಗೆದ ಹೊತ್ತಲ್ಲೇ ಡಿಸ್ಕಿಗೆ ಗಾಳಿ ಸಿಗುದು. ಮುಂದೆ ಬಸ್ಸು ಸಿಕ್ಕಿದ್ರೆ ಅದರ ಬಾಲ ಹಿಡೀಬೇಡಿ, ಒಂದು ತಿರುವಿನಷ್ಟು ದೂರ ಬಿಡಿ, ಅದು ಬ್ರೇಕ್ ಹಾಕಿದಾಗಲೆಲ್ಲ ನೀವೂ ಹಾಕುವ ಅಗತ್ಯ ಬರುದಿಲ್ಲ.

ದೇವರ ದಯೆಯಿಂದ ಮತ್ತೆ ಆಗ್ಲಿಕ್ಕಿಲ್ಲ, ಆದ್ರೂ ಆದ್ರೆ: ಪೆಡಲ್ ಪಂಪ್ ಮಾಡ್ತಾ ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಬಟನ್ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪ ಎಳೀರಿ, ಅದು ಕೇಬಲಲ್ಲಿ ಹಿಂದಿನ ಡ್ರಮ್ ಹಿಡಿಯುವುದು, ಕುದ್ದ ಆಯಿಲಿಗೂ ಅದಕ್ಕೂ ಸಂಬಂಧ ಇಲ್ಲ. ಬಟನ್ ಬಿಟ್ಟು ಒಮ್ಮೆಲೇ ಎಳೆದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗ್ತದೆ. ಲೈಟ್ ಹಾಕಿ, ಹಾರ್ನ್ ಬಿಡ್ಬೇಡಿ, ಕಣಿವೆ ಬದಿ ಬಿಟ್ಟು ಗುಡ್ಡದ ಬದಿಗೆ ಒತ್ತಿ. ಬಾಡಿ ಉಜ್ಜಿದ್ರೆ ಪೇಂಟ್ ಮಾಡಿಸ್ಬಹುದು.

ಟ್ರ್ಯಾಕ್_ಹುಡ್ಗ

ನಾನು ಬೆಂಗ್ಳೂರು, ಇದೇ ಗಾಡಿ ಇದೆ, ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ವರ್ಷಕ್ಕೆ ಒಂದೆರಡು ಸಲ ತಗೊಂಡು ಹೋಗ್ತೀನಿ. ಹಿಂದೆ ಡಿಸ್ಕ್ ಹಾಕ್ಸೋ ಯೋಚನೆ ಬಿಟ್ಬಿಡಿ ಗುರು, ಸೀರಿಯಸ್ ಆಗಿ ಹೇಳ್ತಿದೀನಿ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬರುತ್ತೆ, ಹಿಂದಿನ ಟೈರ್ ಮಾಡೋ ಕೆಲಸ ಕಮ್ಮಿ. ಹಿಂದೆ ಜಾಸ್ತಿ ಕಚ್ಚೋ ಹಾಗೆ ಮಾಡಿದ್ರೆ ಮುಂದೆ ಹಿಂದೆ ಬ್ಯಾಲೆನ್ಸ್ ಹೋಗುತ್ತೆ, ಒದ್ದೆ ತಿರುವಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದ್ರೆ ಏನಾಗುತ್ತೆ ಅಂತ ನಂಗೆ ಗೊತ್ತು, ಟ್ರ್ಯಾಕಲ್ಲಿ ಮಣ್ಣಿತ್ತು ಬಚಾವ್ ಆದೆ, ಘಾಟಲ್ಲಿ ಮಣ್ಣಿರಲ್ಲ. ಆದ್ರೆ ಡ್ರಮ್ ಹಾಗೇ ಬಿಡೋದೂ ಬೇಡ. ಡ್ರಮ್ ಕಾದ್ರೆ ಅಗಲ ಆಗುತ್ತೆ, ಅಂದ್ರೆ ಒಳಗಿಂದ ಅದನ್ನ ಒತ್ತಿ ಹಿಡಿಯೋ ಶೂನಿಂದ ದೂರ ಹೋಗುತ್ತೆ, ಪೆಡಲ್ ಇನ್ನೂ ಕೆಳಗೆ ಹೋಗೋದಕ್ಕೆ ಅದೂ ಒಂದು ಕಾರಣ. ಒಳಗೆ ತಾನೇ ಅಡ್ಜಸ್ಟ್ ಆಗೋ ಒಂದು ಮೆಕ್ಯಾನಿಸಂ ಇರುತ್ತೆ, ಹಳೇ ಗಾಡೀಲಿ ಅದು ತುಕ್ಕು ಹಿಡಿದು ಕೂತ್ಬಿಟ್ಟಿರುತ್ತೆ, ಬಿಚ್ಚಿ ಕ್ಲೀನ್ ಮಾಡ್ಸಿ. ಧೂಳನ್ನ ಏರ್ ಹೊಡೆದು ಊದೋಕೆ ಬಿಡ್ಬೇಡಿ, ಹಳೇ ಶೂ ಆದ್ರೆ ಆಸ್ಬೆಸ್ಟಾಸ್ ಇರ್ಬಹುದು, ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಬಟ್ಟೇಲಿ ಒರೆಸ್ಲಿ.

ಪ್ಯಾಡ್ ವಿಷಯಕ್ಕೆ ಬರೋಣ. ಬಿಚ್ಚಿದಾಗ ಮೇಲ್ಮೈ ನೋಡಿ, ಗಾಜಿನ ತರ ಹೊಳೀತಿದ್ರೆ ಗ್ಲೇಜ್ ಆಗಿದೆ, ಅಂದ್ರೆ ಒಳಗಿನ ಅಂಟು ಬೆಂದು ಮೇಲೆ ಬಂದಿದೆ, ಉಜ್ಜಿ ಮತ್ತೆ ಹಾಕೋದಕ್ಕಿಂತ ಹೊಸದು ಹಾಕಿ. ಪ್ಯಾಡ್ ಅಂಚಲ್ಲಿ ಉದ್ದ ಕೋಡ್ ಒಂದಿರುತ್ತೆ, ಕೊನೇಲಿ ಎರಡು ಅಕ್ಷರ. ಮೊದಲನೇದು ತಣ್ಣಗಿದ್ದಾಗಿನ ಹಿಡಿತ, ಎರಡನೇದು ಕಾದಾಗಿನ ಹಿಡಿತ. ಇ ಅಂದ್ರೆ ಘರ್ಷಣೆ 0.25ರಿಂದ 0.35, ಎಫ್ ಅಂದ್ರೆ 0.35ರಿಂದ 0.45, ಜಿ ಅಂದ್ರೆ 0.45ರಿಂದ 0.55. ಎಫ್ಎಫ್ ಆದ್ರೂ ಇರ್ಬೇಕು. ಕೋಡೇ ಇಲ್ಲದಿರೋದು ಅಂಗಡಿಯವರು ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಹಾಗಂತ ರೇಸಿಂಗ್ ಪ್ಯಾಡೂ ಬೇಡ, ನಾನು ಒಂದ್ಸಲ ಟ್ರ್ಯಾಕ್ ಪ್ಯಾಡಲ್ಲೇ ಮನೆಗೆ ಬಂದೆ, ಬೆಳಗ್ಗೆ ತಣ್ಣಗಿರುವಾಗ ಮೊದಲ ಸಿಗ್ನಲ್ಲಲ್ಲಿ ಕಚ್ಚೋದೇ ಇಲ್ಲ, ಅದಕ್ಕೆ ಕಾದಿದ್ರೇನೇ ಹಿಡಿತ. ಫ್ಯಾಮಿಲಿ ಗಾಡಿಗೆ ಅದು ಆಗಲ್ಲ.

ಹೊಸ ಪ್ಯಾಡ್ ಹಾಕಿದ ದಿನವೇ ಘಾಟ್ ಇಳೀಬೇಡಿ!! ಹೊಸ ಪ್ಯಾಡ್ ಮೊದಲ ಸಲ ಕಾದಾಗ ಒಳಗಿಂದ ಗ್ಯಾಸ್ ಬಿಡುತ್ತೆ, ಪೆಡಲ್ ಗಟ್ಟಿಯಿದ್ರೂ ಜಾರುತ್ತೆ. ಖಾಲಿ ರಸ್ತೇಲಿ 60ರಿಂದ 15ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಸದೇ, ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೇ ಓಡಿಸಿ ತಣ್ಣಗಾಗೋಕೆ ಬಿಡಿ. ಡಿಸ್ಕ್ ಮೇಲೆ ಒಂದೇ ಸಮ ಬೂದು ಬಣ್ಣ ಬರುತ್ತೆ, ಅದು ಬಂದ್ರೆ ಆಯ್ತು.

ಡಿಸ್ಕ್ ದಪ್ಪಾನೂ ಅಳೆಸಿ, ಕನಿಷ್ಠ ಎಷ್ಟಿರ್ಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಒತ್ತಿರುತ್ತೆ. ಸವೆದು ತೆಳುವಾದ ಡಿಸ್ಕ್ ಅದೇ ಶಾಖಕ್ಕೆ ಬೇಗ ಕಾಯುತ್ತೆ, ತೆಳ್ಳನೆ ಪಾತ್ರೆ ಒಲೆ ಮೇಲೆ ಇಟ್ಟ ಹಾಗೆ. ಸ್ಟೀಲ್ ಬ್ರೇಡೆಡ್ ಹೋಸ್ ಹಾಕಿದ್ರೆ ಪೆಡಲ್ ಫೀಲ್ ಚೆನ್ನಾಗಾಗುತ್ತೆ, ಫೇಡ್ ಹೋಗಲ್ಲ, ಆದ್ರೆ ಇಪ್ಪತ್ತು ವರ್ಷದ ರಬ್ಬರ್ ಹೋಸ್ ಹೇಗಿದ್ರೂ ಬದಲಾಯಿಸ್ಬೇಕು, ಒಳಗೆ ಊದಿಕೊಂಡ್ರೆ ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ.

ಹುಬ್ಬಳ್ಳಿ_ಹೈವೇ

ನಾವು ಅಂಕೋಲಾ ಕಡೆ ಅರಬೈಲ್ ಘಟ್ಟ ಇಳಿಯೋ ಮಂದಿರಿ. ಇಲ್ಲಿ ಲಾರಿಯವರು ಘಟ್ಟ ಇಳಿದ ಮ್ಯಾಲ ಬ್ರೇಕಿಗೆ ನೀರ ಹೊಡೀತಾರ, ಬುಸ್ ಅಂತ ಹೊಗಿ ಬರತೈತಿ, ಐದ ನಿಮಿಷದಾಗ ಹೊಂಟಬಿಡತಾರ. ಕಾರಿಗೂ ಒಂದ ಕ್ಯಾನ್ ನೀರ ಇಟಗೊಂಡ್ರ ಚಲೋ ಅಲ್ಲೇನ್ರಿ?

ಹಾಸನ್_ಗ್ಯಾರೇಜ್

ದಯವಿಟ್ಟು ಕಾರಿನ ಡಿಸ್ಕಿಗೆ ನೀರು ಹಾಕ್ಬೇಡಿ ಅಣ್ಣಾ. ಕೆಂಪಗೆ ಕಾದಿರೋ ಎರಕದ ಕಬ್ಬಿಣ ಅದು, ಒಂದು ಕಡೆ ದಿಢೀರ್ ತಣ್ಣಗಾದ್ರೆ ಬಿರುಕು ಬಿಡುತ್ತೆ ಇಲ್ಲ ಸೊಟ್ಟ ಆಗುತ್ತೆ. ಬಿರುಕು ಕಣ್ಣಿಗೆ ಕಾಣಲ್ಲ, ಮುಂದಿನ ಘಾಟಲ್ಲಿ ಗೊತ್ತಾಗುತ್ತೆ. ನನ್ನ ಹತ್ರ ಹಾಗೆ ಬಂದ ಡಿಸ್ಕ್ ಇದೆ, ಮಧ್ಯದಿಂದ ಅಂಚಿನವರೆಗೆ ಕೂದಲೆಳೆಯಷ್ಟು ಗೆರೆ, ಉಗುರು ಸಿಕ್ಕಿಕೊಳ್ಳುತ್ತೆ. ತುಂಬಾ ಕಾದಿದೆ ಅನ್ಸಿದ್ರೆ ಸಮತಟ್ಟು ಜಾಗ ಸಿಕ್ಕ ಮೇಲೆ ನಿಧಾನಕ್ಕೆ ಓಡಿಸ್ತಾನೇ ತಣ್ಣಗೆ ಮಾಡಿ, ಅದೇ ಒಳ್ಳೇದು. ನಿಲ್ಲಿಸ್ಲೇಬೇಕಾದ್ರೆ ಪೆಡಲ್ ಒತ್ತಿ ಹಿಡ್ಕೊಂಡು ನಿಲ್ಬೇಡಿ, ಹ್ಯಾಂಡ್ ಬ್ರೇಕೂ ಬೇಡ, ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿಂದ ಒಂದು ಅನುಭವ. ನನ್ನತ್ರ ಹಳೇ ಗಾಲ್ಫ್ ಜಿಟಿಐ ಇದೆ, ಎರಡು ವರ್ಷದ ಹಿಂದೆ ಇಟಲಿಯ ಸ್ಟೆಲ್ವಿಯೋ ಪಾಸ್‌ಗೆ ಹೋಗಿದ್ದೆ. 2,757 ಮೀಟರ್ ಎತ್ತರ, ಪ್ರಾಟೋ ಊರಿನ ಕಡೆ 48 ಹೇರ್‌ಪಿನ್. ಇಲ್ಲಿ ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಗಾಡಿ ಇನ್ಸ್‌ಪೆಕ್ಷನ್ ಕಡ್ಡಾಯ, ನನ್ನದು ಆಗಷ್ಟೇ ಪಾಸ್ ಆಗಿತ್ತು, ಹಾಗಾಗಿ ನಿಶ್ಚಿಂತೆಯಿಂದ ಇಳಿದೆ. ಅರ್ಧ ದಾರಿಗೆ ಬರೋಷ್ಟರಲ್ಲಿ ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ತಾ ಇಲ್ಲ. ಹಾಸನದವರು ಹೇಳಿದ ಮೊದಲನೇ ತರದ್ದು, ಪ್ಯಾಡ್ ಫೇಡ್. ಆಯಿಲ್ ಹೊಸದಿತ್ತು, ಪ್ಯಾಡ್ ಅಗ್ಗದ್ದಿತ್ತು.

ಇದನ್ನ ಹೇಳಿದ್ದು ಯಾಕಂದ್ರೆ ಇನ್ಸ್‌ಪೆಕ್ಷನ್‌ಲ್ಲಿ ರೋಲರ್ ಮೇಲೆ ಒಂದೆರಡು ಸಲ ಬ್ರೇಕ್ ಹಾಕಿ ನೋಡ್ತಾರೆ, ಆಗ ಎಲ್ಲ ತಣ್ಣಗಿರುತ್ತೆ. ನಮ್ಮಲ್ಲಿ 15 ವರ್ಷ ದಾಟಿದ ಗಾಡಿ ಆರ್‌ಸಿ ರಿನೀವಲ್‌ಗೆ ಫಿಟ್‌ನೆಸ್ ಮಾಡಿಸ್ತೀವಲ್ಲ, ಅದೂ ಅಷ್ಟೇ. ಅದು ಪಾಸಾಗಿದೆ ಅಂದ್ರೆ ಘಾಟ್ ಇಳಿಯೋಕೆ ರೆಡಿ ಅಂತ ಅಲ್ಲ. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಳ್ಳಿ, ಇಳಿದ ತಕ್ಷಣ ನಾಲ್ಕೂ ಚಕ್ರದ ಡಿಸ್ಕ್, ಡ್ರಮ್ ಮೇಲೆ ಹಿಡಿದು ನೋಡಿ. ಎಡ ಬಲ ಹತ್ತಿರ ಹತ್ತಿರ ಇರ್ಬೇಕು. ಒಂದು ಕಡೆ ತುಂಬ ಜಾಸ್ತಿ ಇದ್ರೆ ಅಲ್ಲೇನೋ ಜಾಮ್ ಆಗಿದೆ ಅಂತ ಅರ್ಥ.

ಮೂಡಿಗೆರೆ_ವಿಟೆಕ್

ಎಲ್ರಿಗೂ ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ, ಮೂರು ವಾರ ಆಯ್ತು, ಪಾರ್ಟ್ಸ್ ಬರೋದು ಲೇಟಾಯ್ತು.

ಹಾಸನದ ಅಣ್ಣ ಹೇಳಿದ ಹಾಗೆ ಪೂರ್ತಿ ಬಿಚ್ಚಿಸಿ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೆ. ಮುಂದೆ ಎಡಗಡೆ ಕ್ಯಾಲಿಪರ್‌ನ ಕೆಳಗಿನ ಪಿನ್ ಜಾಮ್, ಸುತ್ತಿಗೇಲಿ ಹೊಡೆದು ತೆಗೀಬೇಕಾಯ್ತು, ಅದರ ರಬ್ಬರ್ ಬೂಟ್ ಹರಿದು ಒಳಗೆಲ್ಲ ಕೆಂಪು ತುಕ್ಕು. ಆ ಕಡೆ ಒಳಗಿನ ಪ್ಯಾಡು ಬೆರಳ ಉಗುರಿನಷ್ಟು ದಪ್ಪ ಉಳಿದಿತ್ತು, ಹೊರಗಿನದು ಅದರ ಮೂರರಷ್ಟು. ಬಲಗಡೆ ಪ್ಯಾಡ್ ಕೈಯಲ್ಲಿ ಹಿಡಿದ್ರೆ ಕಪ್ಪು ಕಲ್ಲಿನ ತರ ಹೊಳೀತಿತ್ತು. ಕೋಡ್ ಹುಡುಕಿದೆ, ಇಲ್ಲ. ಕಮ್ಮಿ ರೇಟು ಅಂತ ನಾನೇ ತಂದು ಹಾಕ್ಸಿದ್ದು ಅದು. ಹಿಂದಿನ ಅಡ್ಜಸ್ಟರ್ ಎರಡೂ ಕಡೆ ತುಕ್ಕು, ಬಲಗಡೆಯದು ತಿರುಗ್ತಾನೇ ಇರಲಿಲ್ಲ. ಮುಂದಿನ ಡಿಸ್ಕ್ ಅಳೆದ್ರೆ ಕನಿಷ್ಠಕ್ಕಿಂತ ಕಮ್ಮಿ ಇತ್ತು, ಅದಕ್ಕೇ ಹೊಸದು ತರಿಸ್ಬೇಕಾಯ್ತು. ಅಂದ್ರೆ ಒಂದಲ್ಲ, ಎಲ್ಲಾನೂ ಸೇರ್ಕೊಂಡು ಆಗಿದ್ದು. ಗಾಡಿದೇನೂ ತಪ್ಪಿಲ್ಲ, ಇಂಜಿನ್‌ಗೆ ಕೊಟ್ಟ ಗಮನದಲ್ಲಿ ಕಾಲು ಭಾಗ ಬ್ರೇಕಿಗೆ ಕೊಟ್ಟಿದ್ರೆ ಆಗ್ತಿರಲಿಲ್ಲ.

ಹೊಸ ಡಿಸ್ಕು, ಎಫ್ಎಫ್ ಪ್ಯಾಡು, ನಾಲ್ಕೂ ರಬ್ಬರ್ ಹೋಸು, ಪಿನ್ ಕಿಟ್ಟು, ಡಾಟ್ 4 ಒಂದು ಲೀಟರ್ ಪೂರ್ತಿ ಖಾಲಿಯಾಗೋವರೆಗೂ ಹರಿಸಿದ್ವಿ. ಮೊದಲು ಬಂದ ಆಯಿಲ್ ಬಾಟಲಿ ತಳದಲ್ಲಿ ಕರಿ ಗಸಿ ಕೂತಿತ್ತು. ಪೆಡಲ್ ಕೆಳಗೆ ಅಡಿಕೆ ದಬ್ಬೆಯ ಒಂದು ತುಂಡು ಇಟ್ಟೆ, ಮೆಕ್ಯಾನಿಕ್ ಹುಡುಗ ಯಾಕೆ ಅಂತ ಕೇಳಿದ, ಹೇಳಿದೆ, ಇನ್ಮೇಲೆ ಎಲ್ಲಾ ಹಳೇ ಗಾಡಿಗೂ ಹಾಗೇ ಮಾಡ್ತೀನಿ ಅಂದ. ಬೇಲೂರು ರಸ್ತೇಲಿ ಬೆಳಗ್ಗೆ ಐದೂವರೆಗೆ ಹೋಗಿ 60ರಿಂದ 15ಕ್ಕೆ ಹತ್ತು ಸಲ ಮಾಡಿದೆ, ಬೂದು ಬಣ್ಣ ಬಂತು.

ನಿನ್ನೆ ಒಬ್ಬನೇ ಚಾರ್ಮಾಡಿ ಇಳಿದೆ. ಕೊಟ್ಟಿಗೆಹಾರ ಬಿಟ್ಟಾಗಿನಿಂದ್ಲೇ ಎರಡನೇ ಗೇರು, ಗಟ್ಟಿಯಾಗಿ ಒತ್ತೋದು, ಕಾಲು ಪೂರ್ತಿ ತೆಗಿಯೋದು. ಅವತ್ತು ನಿಂತಿದ್ದ ಹೇರ್‌ಪಿನ್ ಬಂದಾಗ ಕೈ ಬೆವೆತಿತ್ತು ನಿಜ, ಪೆಡಲ್ ಮಾತ್ರ ಮೇಲೆ ಎಲ್ಲಿತ್ತೋ ಅಲ್ಲೇ ಇತ್ತು. ಕೆಳಗೆ ಬಂದ ತಕ್ಷಣ ಥರ್ಮಾಮೀಟರ್ ಹಿಡಿದೆ, ಎಡ ಮುಂದಿನ ಡಿಸ್ಕ್ 168, ಬಲ 161. ವಾಸನೆ ಇಲ್ಲ. ಕುಡ್ಲದವ್ರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಆಯಿಲ್ ಹಾಕಿದ ತಾರೀಖು ಬರೆದು ಡಬ್ಬಿ ಮುಚ್ಚಳದ ಮೇಲೆ ಟೇಪ್ ಅಂಟಿಸಿದ್ದೀನಿ. ಹಿಂದಿನ ಶೂ ಇನ್ನೂ ಬಂದಿಲ್ಲ, ಸದ್ಯಕ್ಕೆ ಹಳೇದನ್ನೇ ಕ್ಲೀನ್ ಮಾಡಿ ಅಡ್ಜಸ್ಟ್ ಮಾಡ್ಸಿದ್ದೀನಿ. ಅದು ಹಾಕ್ಸಿ ಇನ್ನೊಂದ್ಸಲ ಲಗೇಜ್ ತುಂಬ್ಕೊಂಡು ಒಬ್ಬನೇ ಇಳಿದು ನೋಡಿದ ಮೇಲೇ ಅಮ್ಮನ್ನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗೋದು. ಟ್ರ್ಯಾಕ್ ಹುಡ್ಗ, ಶೂಗೂ ಅದೇ ತರ ಅಕ್ಷರದ ಕೋಡ್ ಇರುತ್ತಾ, ಎಲ್ಲಿ ನೋಡ್ಬೇಕು?

ಟ್ರ್ಯಾಕ್_ಹುಡ್ಗ

ಇರುತ್ತೆ ಗುರು, ಲೈನಿಂಗ್ ಅಂಚಲ್ಲಿ ಇಲ್ಲ ಮೇಲೆ ಪ್ರಿಂಟ್ ಆಗಿರುತ್ತೆ, ಹಾಕೋಕೆ ಮುಂಚೆ ಫೋಟೋ ತೆಗೆದು ಇಟ್ಕೊಳ್ಳಿ, ಒಂದು ಘಾಟ್ ಇಳಿಯೋಷ್ಟರಲ್ಲಿ ಅಳಿಸಿಹೋಗುತ್ತೆ. ನಾಲ್ಕೂ ಶೂ ಒಟ್ಟಿಗೇ ಬದಲಾಯಿಸಿ, ಒಂದು ಕಡೆ ಮಾತ್ರ ಬೇಡ.